ಮೊದಲು ಸ್ಪೀಕರ್‌ಗೆ ಮುಸುಕು ಹಾಕಿ, ಆಮೇಲೆ ವಿಮರ್ಶೆ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಬಂದ ದುಬಾರಿ ಸ್ಪೀಕರ್ ವಿಮರ್ಶೆ ಓದಿದೆ. ಬರೆದವರಿಗೆ ಸಂಗೀತದ ಹುಚ್ಚು ಇದೆ, ಅದು ಸಾಲುಸಾಲಲ್ಲೂ ಕಾಣುತ್ತದೆ. ಆದರೆ ಅರ್ಧ ಪುಟದ ಬರಹದಲ್ಲಿ ಡಬ್ಬದ ಮರ, ಪಾಲಿಶ್, ತೂಕ, ಕಂಪನಿಯ ಹಿರಿಮೆ ಇವೇ ತುಂಬಿವೆ. ಉಳಿದಿದ್ದು ‘ರೇಷ್ಮೆಯಂಥ ಟ್ರೆಬಲ್’ (ಮೇಲಿನ ಸ್ವರ), ‘ಉಸಿರಾಡುವ ಬೇಸ್’ (ಕೆಳಗಿನ ಸ್ವರ) ಇಂಥ ಮಾತು. ಎಂಥ ಕೋಣೆಯಲ್ಲಿ ಕೇಳಿದರು, ಯಾವ ಸ್ಪೀಕರ್ ಪಕ್ಕ ಇಟ್ಟು ಹೋಲಿಸಿದರು, ಎರಡರ ಸದ್ದು ಒಂದೇ ಮಟ್ಟದಲ್ಲಿತ್ತಾ? ಇದೊಂದೂ ಇಲ್ಲ. ಹಾಗಾದ್ರೆ ಕೊಳ್ಳೋಕೆ ಹೊರಟ ಓದುಗ ಈ ವಿಮರ್ಶೆ ಇಟ್ಟುಕೊಂಡು ಏನು ಮಾಡಬೇಕು?

ಸ್ಪೀಕರ್ ಎದುರಿಗೆ ಕೂತಾಗ ಕಿವಿಗಿಂತ ಮೊದಲು ಕಣ್ಣು ತೀರ್ಪು ಕೊಟ್ಟುಬಿಡುತ್ತದೆ. ಇದು ನನ್ನ ಕೊಂಕಲ್ಲ, ಪರೀಕ್ಷೆ ಮಾಡಿ ನೋಡಿದ ವಿಷಯ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅವರು 40 ಜನರನ್ನು ಕೂರಿಸಿ 4 ಸ್ಪೀಕರ್ ಕೇಳಿಸಿದರು. ಒಂದು ಸಲ ಪರದೆ ಹಿಂದೆ ಇಟ್ಟು, ಇನ್ನೊಂದು ಸಲ ಕಣ್ಣೆದುರಿಗೇ ಇಟ್ಟು. ಕೇಳಿದವರೆಲ್ಲ ಸ್ಪೀಕರ್ ಮಾಡುವ ಕಂಪನಿಯದೇ ನೌಕರರು, ಅಂದರೆ ಈ ವಿಷಯದ ಗಂಧಗಾಳಿ ಇಲ್ಲದವರೇನಲ್ಲ. ಪರದೆ ಇದ್ದಾಗ ಪುಟ್ಟದೊಂದು ಅಗ್ಗದ ಪ್ಲಾಸ್ಟಿಕ್ ಸೆಟ್ ದೊಡ್ಡವುಗಳ ಎದುರು ಚೆನ್ನಾಗಿಯೇ ಅಂಕ ತಗೊಂಡಿತ್ತು. ಪರದೆ ಸರಿಸಿದ್ದೇ ತಡ, ಅದರ ಅಂಕ ಇಳಿಯಿತು, ದೊಡ್ಡ ಚೆಂದದ ಸ್ಪೀಕರ್‌ಗಳದ್ದು ಏರಿತು.

ನನಗೆ ಇದಕ್ಕಿಂತ ಜಾಸ್ತಿ ಅಚ್ಚರಿ ಅನ್ನಿಸಿದ್ದು ಅದೇ ಪರೀಕ್ಷೆಯ ಇನ್ನೊಂದು ಸಂಗತಿ. ಸ್ಪೀಕರ್ ಜಾಗ ಬದಲಿಸಿದರೆ ಸದ್ದು ಬದಲಾಗುತ್ತದೆ. ಪರದೆ ಇದ್ದಾಗ ಕೇಳುಗರು ಅದನ್ನು ಗುರುತಿಸಿ ಅಂಕದಲ್ಲೂ ತೋರಿಸಿದರು. ಸ್ಪೀಕರ್ ಕಣ್ಣಿಗೆ ಬಿದ್ದ ಮೇಲೆ ಆ ವ್ಯತ್ಯಾಸಕ್ಕೆ ಅವರ ಅಂಕ ಅಷ್ಟಾಗಿ ಅಲ್ಲಾಡಲಿಲ್ಲ. ಯಾವುದು ಒಳ್ಳೇದು ಅಂತ ನೋಡಿಯೇ ತೀರ್ಮಾನ ಆಗಿತ್ತಲ್ಲ, ಇನ್ನು ಕೇಳೋದೇನು! ನಿಮ್ಮ ವಿಮರ್ಶಕರು ಪಾಲಿಶ್ ಬಗ್ಗೆ ಮೂರು ಸಾಲು ಬರೆದಾಗ ನನಗೆ ನೆನಪಾಗಿದ್ದು ಇದೇ.

ಇನ್ನು ವಾಲ್ಯೂಮ್. ಡೆಮೊ ಕೊಡುವ ಕಡೆ ಒಂದು ಸ್ಪೀಕರ್ ಹಾಕಿ, ಸ್ವಿಚ್ ಒತ್ತಿ ಇನ್ನೊಂದು ಹಾಕುತ್ತಾರೆ. ಎರಡನೇದು ತಕ್ಷಣ ತುಂಬಿಕೊಂಡಂತೆ, ಬಿಚ್ಚಿಕೊಂಡಂತೆ ಕೇಳುತ್ತದೆ. ಗುಂಡಿ ಇದ್ದಲ್ಲೇ ಇದೆ, ಯಾರೂ ಮುಟ್ಟಿಲ್ಲ. ಆದರೆ ಮೊದಲನೆಯದರ ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್ತಿಗೆ ಎಷ್ಟು ಸದ್ದು ಮಾಡುತ್ತದೆ ಅನ್ನೋ ಅಳತೆ) 86 ಡೆಸಿಬಲ್, ಎರಡನೆಯದರದ್ದು 89 ಡೆಸಿಬಲ್ ಆಗಿದ್ದರೆ, ಅದೇ ಗುಂಡಿಯಲ್ಲಿ ಎರಡನೇದು 3 ಡೆಸಿಬಲ್ ಜೋರಾಗಿರುತ್ತದೆ. ಮೊದಲನೆಯದು ಅಷ್ಟು ಸದ್ದು ಮಾಡಬೇಕಾದರೆ ಆಂಪ್ಲಿಫೈಯರ್ ಎರಡರಷ್ಟು ವಾಟ್ ಕೊಡಬೇಕು. ಸದ್ದು ತಗ್ಗಿದ್ದಾಗ ನಮ್ಮ ಕಿವಿಗೆ ಬೇಸ್ ಕೇಳೋದೇ ಕಡಿಮೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಹಾಗಾಗಿ ಚೂರು ಜೋರಾಗಿರುವ ಸ್ಪೀಕರ್ ಬರೀ ಜೋರು ಅನ್ನಿಸುವುದಿಲ್ಲ, ‘ಬೇಸ್ ಚೆನ್ನಾಗಿದೆ’ ಅನ್ನಿಸುತ್ತದೆ. ಮೀಟರ್ ಇಟ್ಟು ಎರಡನ್ನೂ ಸಮ ಮಾಡದೆ ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ.

ನೆನಪಿನ ಕಥೆಯೂ ಅಷ್ಟೇ. ಧ್ವನಿಯ ಸೂಕ್ಷ್ಮ ವಿವರ ತಲೆಯಲ್ಲಿ ನಿಲ್ಲೋದು ಕೆಲವೇ ಸೆಕೆಂಡು. ‘ಹೋದ ತಿಂಗಳು ಕೇಳಿದ ಆ ಸ್ಪೀಕರ್‌ಗಿಂತ ಇದರ ಟ್ರೆಬಲ್ ಸ್ವಲ್ಪ ಮೃದು’ ಅಂತ ಯಾರಾದರೂ ಬರೆದರೆ ನಾನಂತೂ ಮುಂದಿನ ಸಾಲಿಗೆ ಹೋಗಿಬಿಡುತ್ತೇನೆ.

ನನ್ನ ದೊಡ್ಡ ತಕರಾರು ಇರೋದು ಕೋಣೆಯ ಬಗ್ಗೆ. ಸುಮಾರು 200–300 ಹರ್ಟ್ಜ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ಕೆಳಗೆ ನಾವು ಕೇಳೋದು ಸ್ಪೀಕರ್‌ಗಿಂತ ಹೆಚ್ಚಾಗಿ ಕೋಣೆಯನ್ನೇ. 5 ಮೀಟರ್ ಉದ್ದದ ಕೋಣೆ ಅಂದುಕೊಳ್ಳಿ. ಸುಮಾರು 34 ಹರ್ಟ್ಜ್‌ನ ಸದ್ದು ಆ ಎರಡು ಗೋಡೆಗಳ ನಡುವೆ ಸರಿಯಾಗಿ ಕೂತುಬಿಡುತ್ತದೆ. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿದರೆ ಆ ಸ್ವರ ಹೆಚ್ಚುಕಡಿಮೆ ಮಾಯ, ಹಿಂದಿನ ಗೋಡೆಗೆ ಬೆನ್ನು ತಾಗಿಸಿ ಕೂತರೆ ಎದೆಗೇ ಗುದ್ದುತ್ತದೆ. ಅದರ ದುಪ್ಪಟ್ಟು, ಮೂರು ಪಟ್ಟಿನ ಸ್ವರಗಳೂ ಹೀಗೇ ಒಂದೊಂದು ಕಡೆ ಉಬ್ಬಿ ಒಂದೊಂದು ಕಡೆ ತಗ್ಗುತ್ತವೆ. ಸ್ಪೀಕರ್ ಅದೇ, ಆಂಪ್ ಅದೇ, ಹಾಡೂ ಅದೇ. ಕುರ್ಚಿ ಒಂದು ಮೀಟರ್ ಮುಂದೆ ಬಂತು ಅಷ್ಟೇ. ವಿಮರ್ಶಕರು ‘ಉಸಿರಾಡುವ ಬೇಸ್’ ಅಂದಿದ್ದು ಸ್ಪೀಕರ್‌ದೋ, ಅವರ ಹಿಂದಿದ್ದ ಗೋಡೆಯದೋ? ಯಾರು ಹೇಳೋದು?

ಆ 200–300 ಹರ್ಟ್ಜ್‌ಗಿಂತ ಮೇಲಿನ ಸ್ವರಗಳಲ್ಲಿ ಮಾತ್ರ ಸ್ಪೀಕರ್‌ನ ಗುಣ ನಿಜವಾಗಿ ಬಯಲಾಗುತ್ತದೆ. 17 ಸೆಂಟಿಮೀಟರ್ ವೂಫರ್ (ಕೆಳಗಿನ ಸ್ವರ ನುಡಿಸುವ ದೊಡ್ಡ ಕೋನ್) ಇದೆ ಅನ್ನಿ. 2,000 ಹರ್ಟ್ಜ್ ಹತ್ತಿರ ಬಂದಾಗ ಅಲೆಯ ಉದ್ದವೂ ಸುಮಾರು ಅಷ್ಟೇ ಆಗಿ, ವೂಫರ್ ಸದ್ದನ್ನು ಹೆಚ್ಚಾಗಿ ನೇರ ಮುಂದಕ್ಕೇ ಎಸೆಯಲು ಶುರು ಮಾಡುತ್ತದೆ. ಅಲ್ಲೇ ಮೇಲಿನ ಸ್ವರ ನುಡಿಸುವ ಎರಡೂವರೆ ಸೆಂಟಿಮೀಟರಿನ ಟ್ವೀಟರ್ ಕೆಲಸ ತಗೊಂಡು ಅದೇ ಸದ್ದನ್ನು ಸುತ್ತಲೂ ಚೆಲ್ಲುತ್ತದೆ. ಎದುರಿಗೆ ಕೂತವರಿಗೆ ಎಲ್ಲ ಸಮವಾಗಿ ಕೇಳಬಹುದು, ಆದರೆ ಪಕ್ಕದ ಗೋಡೆಗೆ ಬಡಿದು ಬರುವ ಸದ್ದಿನಲ್ಲಿ ಒಂದು ಕಡೆ ತಗ್ಗು, ಮೇಲೆ ಒಂದು ಉಬ್ಬು. ಮನೆಯಲ್ಲಿ ಕಿವಿಗೆ ತಲುಪೋದರಲ್ಲಿ ಹಾಗೆ ಬಡಿದು ಬಂದಿದ್ದೇ ಹೆಚ್ಚು. ಹಾಡುವವರ ‘ಸ’, ‘ಶ’ ಚುಚ್ಚೋದು, ಕಂಠ ಡಬ್ಬದೊಳಗಿಂದ ಬಂದಂತೆ ಅನ್ನಿಸೋದು ಸುಮಾರು ಸಲ ಇಂಥ ಕಡೆಯಿಂದಲೇ. ಪರೀಕ್ಷೆ ಮಾಡೋದು ಸುಲಭ: ಪಿಂಕ್ ನಾಯ್ಸ್ (ಎಲ್ಲ ಸ್ವರವೂ ಬೆರೆತ ಜರ್ ಅನ್ನೋ ಸದ್ದು) ಹಾಕಿ, ಕೂತು ಕೇಳಿ, ಎದ್ದು ನಿಂತು ಕೇಳಿ, ಪಕ್ಕಕ್ಕೆ ನಡೆದು ಕೇಳಿ. ಆ ಜರ್ ಸದ್ದಿನ ಬಣ್ಣ ಎಷ್ಟು ಬದಲಾಗುತ್ತದೆ ಗಮನಿಸಿ. ಒಂದೇ ಸ್ಪೀಕರ್ ಹಾಕಿ ಮೋನೊದಲ್ಲಿ ಕೇಳಿದರೆ ಹುಳುಕು ಇನ್ನೂ ಬೇಗ ಸಿಗುತ್ತದೆ, ಸ್ಟೀರಿಯೊದ ಹರವು ಎಷ್ಟೋ ದೋಷ ಮುಚ್ಚಿಹಾಕುತ್ತದೆ.

‘ರುಚಿ ಅವರವರದ್ದು, ಅಳೆಯೋದು ಹೇಗೆ?’ ಅಂತ ನಿಮ್ಮ ವಿಮರ್ಶಕರು ಕೇಳಬಹುದು. ಈ ಮಾತನ್ನು ಜನ ನಂಬಿದಷ್ಟು ಕುರುಡಾಗಿ ಇನ್ಯಾವುದನ್ನೂ ನಂಬಿಲ್ಲ ಅನ್ನಿಸುತ್ತದೆ. ಟೂಲ್ 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಪರದೆ ಹಿಂದಿನ ಪರೀಕ್ಷೆ ನಡೆಸಿದಾಗ ಕಂಡಿದ್ದು, ಕಣ್ಣಿನ ಕಾಟ ತಪ್ಪಿಸಿದರೆ ಬೇರೆ ಬೇರೆ ಜನ ಹೆಚ್ಚುಕಡಿಮೆ ಒಂದೇ ಥರದ ಸ್ಪೀಕರ್ ಮೆಚ್ಚುತ್ತಾರೆ ಅನ್ನೋದು. ಎದುರಿಗೆ ಸಮತಟ್ಟು, ಪಕ್ಕಕ್ಕೆ ಹೋದಂತೆ ನಯವಾಗಿ ಇಳಿಯುವ ಸದ್ದು. 2003ರಲ್ಲಿ ಆಲಿವ್ ಅವರು ತರಬೇತಿ ಪಡೆದವರನ್ನೂ, ವಿದ್ಯಾರ್ಥಿಗಳು, ಮಾರಾಟಗಾರರು, ವಿಮರ್ಶಕರನ್ನೂ ಹೋಲಿಸಿದರು. ಮೆಚ್ಚಿದ ಕ್ರಮದಲ್ಲಿ ದೊಡ್ಡ ಫರಕು ಇರಲಿಲ್ಲ. ತರಬೇತಿ ಪಡೆದವರು ಅದೇ ತೀರ್ಪನ್ನು ಪದೇ ಪದೇ ಕೊಡಬಲ್ಲವರಾಗಿದ್ದರು, ಫರಕು ಅಷ್ಟೇ. ಮರುವರ್ಷ ಅವರೇ 70 ಸ್ಪೀಕರ್‌ಗಳ ಅಳತೆ ತಗೊಂಡು, ಕೇಳುಗರು ಎಷ್ಟು ಅಂಕ ಕೊಡಬಹುದು ಅಂತ ಗ್ರಾಫ್ ನೋಡಿಯೇ ಲೆಕ್ಕ ಹಾಕಿದರು. ಲೆಕ್ಕಕ್ಕೂ ನಿಜವಾದ ಅಂಕಕ್ಕೂ 0.86ರಷ್ಟು ಸಹಸಂಬಂಧ ಇತ್ತು (ಪೂರ್ತಿ ಹೊಂದಿದರೆ 1). ಪೂರ್ತಿ ಅಲ್ಲ, ಸರಿ. ಆದರೆ ಎಷ್ಟೇ ಸೊಗಸಾದ ವಿಶೇಷಣ ಬರೆದರೂ ಇಷ್ಟು ಸಿಗಲ್ಲ.

ಪರದೆ ಪರೀಕ್ಷೆಯಲ್ಲಿ ಎಲ್ಲ ಸಿಕ್ಕಿಬಿಡುತ್ತದೆ ಅಂತಲೂ ನಾನು ಹೇಳಲ್ಲ. ಸ್ಪೀಕರ್ ಎಷ್ಟು ಜೋರಾಗಿ ಹಾಡಿದರೂ ಸದ್ದು ಒಡೆಯದೆ ನಿಲ್ಲುತ್ತದಾ, ನಿಮ್ಮ ಆಂಪ್‌ಗೆ ಅದನ್ನು ನಡೆಸುವ ಶಕ್ತಿ ಇದೆಯಾ, ಇವನ್ನು ಬೇರೆಯಾಗಿಯೇ ನೋಡಬೇಕು. ರೆಕಾರ್ಡಿಂಗ್ ಮಾಡಿದವರೂ ಯಾವುದೋ ಸ್ಪೀಕರ್ ಕೇಳಿಕೊಂಡೇ ಟ್ರೆಬಲ್, ಬೇಸ್ ತಿದ್ದಿರುತ್ತಾರೆ. ಅವರ ಸ್ಪೀಕರ್ ಮಂದವಾಗಿದ್ದರೆ ನಮ್ಮದರಲ್ಲಿ ಹಾಡು ಚುಚ್ಚುತ್ತದೆ. ಹಾಗಾಗಿ ಒಂದೇ ಹಾಡು ಹಾಕಿ ತೀರ್ಪು ಕೊಡೋದೂ ತಪ್ಪೇ. ಇನ್ನು ಚೆಂದ ಕಾಣುತ್ತದೆ ಅಂತ ಸ್ಪೀಕರ್ ಕೊಳ್ಳುವವರು ಸುಮ್ನೆ ಕೊಳ್ಳಲಿ, ದಿನಾ ಕಣ್ಣೆದುರು ಇರೋ ವಸ್ತು ಅಲ್ವಾ. ಆದರೆ ಆ ಚೆಂದವನ್ನು ಧ್ವನಿಯ ಲೆಕ್ಕಕ್ಕೆ ಬರೆಯಬೇಡಿ.

ಮುಂದಿನ ವಿಮರ್ಶೆಯ ಪಕ್ಕ ಒಂದು ಚಿಕ್ಕ ಚೌಕ ಹಾಕಿ ಅನ್ನೋದು ನನ್ನ ಕೋರಿಕೆ. ಕೋಣೆಯ ಉದ್ದ ಅಗಲ, ಸ್ಪೀಕರ್ ಗೋಡೆಯಿಂದ ಎಷ್ಟು ದೂರ, ಕೇಳುವವರು ಎಷ್ಟು ದೂರ, ಸದ್ದು ಸಮ ಮಾಡಿದ್ರಾ, ಮುಸುಕು ಹಾಕಿದ್ರಾ. ಜೊತೆಗೆ ಒಂದು ಗ್ರಾಫ್, ಎದುರಿನದ್ದೂ ಪಕ್ಕದ್ದೂ ಸೇರಿಸಿ. 2013ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘ ತಂದ ಸಿಇಎ-2034 ಮಾನದಂಡದಲ್ಲಿ ಸ್ಪೀಕರ್ ಸುತ್ತ 70 ದಿಕ್ಕಿನಿಂದ ಅಳೆದು ಒಂದೇ ಚಿತ್ರದಲ್ಲಿ ಕೊಡುತ್ತಾರೆ, ಅದಿದ್ದರೆ ಇನ್ನೂ ಒಳ್ಳೇದು. ಮುಸುಕಿಗೆ ತೆಳ್ಳಗಿನ ಬಟ್ಟೆಯೇ ಸಾಕು. ಬಾಯಿ ಹಚ್ಚಿ ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗಬೇಕು, ದಪ್ಪ ಕಂಬಳಿ ಹಾಕಿದರೆ ಟ್ರೆಬಲ್ ಅಲ್ಲೇ ಸತ್ತುಹೋಗುತ್ತದೆ. ಮತ್ತೆ, ಸ್ಪೀಕರ್ ಜೋಡಿಸಿದವರು ಕೇಳುವ ಸಾಲಿನಲ್ಲಿ ಕೂರಬಾರದು. ಯಾವುದು ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತಲ್ಲ.

ಇಂತಿ,
ನಿಮ್ಮ ಓದುಗ