ಮತ್ತೆ ಅದೇ ಕೋಣೆಗೆ: ಒಂದು ವರ್ಷದ ಥ್ಯಾಂಕ್ಸ್

ಜೂನ್ ಕೊನೆಗೆ ನಮ್ಮ ಶಾಲೆ ಬೇಸಿಗೆ ರಜೆಗೆ ಮುಚ್ಚಿತು. ನನ್ನ ತರಗತಿಯಲ್ಲಿ 22 ಮಕ್ಕಳಿದ್ದರು. ಎಲ್ಲರೂ ಆಲ್ಜಿಬ್ರಾ ರೀಜೆಂಟ್ಸ್ ಪರೀಕ್ಷೆಯಲ್ಲಿ ಒಂದು ಸಲವೋ ಎರಡು ಸಲವೋ ಫೇಲಾಗಿ ಬಂದವರು. ಈ ಸಲ 14 ಜನ ಪಾಸಾದರು. ನ್ಯೂಯಾರ್ಕ್ ರಾಜ್ಯದ ಈ ಪರೀಕ್ಷೆಯಲ್ಲಿ ಪಾಸಾಗಲು 65 ಬರಬೇಕು. ಒಬ್ಬ ಹುಡುಗನಿಗೆ ಸರಿಯಾಗಿ 65 ಬಂದಿತ್ತು. ಫೋನಿನಲ್ಲಿ ಆ ಅಂಕೆ ತೋರಿಸಿ, ಏನೂ ಮಾತಾಡದೆ ನನ್ನ ಮೇಜಿನ ಪಕ್ಕ ತುಂಬಾ ಹೊತ್ತು ನಿಂತಿದ್ದ. ನನಗೂ ಮಾತು ಬರಲಿಲ್ಲ.

ನವೆಂಬರ್‌ನಲ್ಲಿ ಕೆಲಸ ಬಿಡ್ತೀನಿ ಅಂತ ನಿಮ್ಮಲ್ಲಿ ಹಲವರ ಹತ್ತಿರ ಅತ್ತಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿದವರು ನೀವು. ಆಗ ಸರಿಯಾಗಿ ಥ್ಯಾಂಕ್ಸ್ ಹೇಳಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ಪಕ್ಕದ ಕೋಣೆಯ ಹಿರಿಯ ಟೀಚರ್‌ಗೆ. ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅವರು ಏನೂ ಕೇಳಲಿಲ್ಲ. ಮಾರನೇ ದಿನ ಒಂದು ಡಿವಿಡಿ ಪೆಟ್ಟಿಗೆ ತಂದು ಕೈಗಿಟ್ಟರು. ‘ವೆಲ್‌ಕಮ್ ಬ್ಯಾಕ್, ಕಾಟರ್’. ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1975ರಿಂದ 1979ರವರೆಗೆ ಬಂದ ಹಾಸ್ಯ ಧಾರಾವಾಹಿ. ನಾಲ್ಕು ಸೀಸನ್, 95 ಕಂತು. ಬ್ರೂಕ್ಲಿನ್‌ನ ಒಂದು ಹೈಸ್ಕೂಲು, ಅಲ್ಲಿ ಯಾರಿಗೂ ಬೇಡವಾದ ಒಂದು ತರಗತಿ, ಅದಕ್ಕೊಬ್ಬ ಹೊಸ ಮೇಷ್ಟ್ರು. ಕಥೆ ಅಷ್ಟೇ.

ಆ ಮೇಷ್ಟ್ರು ಗೇಬ್ ಕಾಟರ್. ಹತ್ತು ವರ್ಷ ಹಿಂದೆ ಅವನೇ ಅದೇ ತರಗತಿಯಲ್ಲಿ ಕೂತಿದ್ದವನು. ‘ಸ್ವೆಟ್‌ಹಾಗ್ಸ್’ ಅಂತ ಆ ಹುಡುಗರಿಗೆ ಹೆಸರು. ಬೆವರುವ ಹಂದಿಗಳು ಅಂತ ಅರ್ಥ. ಬೈಗುಳವೇ ಅದು. ಆದರೆ ಹುಡುಗರು ಅದನ್ನು ತಮ್ಮ ಬ್ಯಾಡ್ಜಿನ ಹಾಗೆ ಹಾಕಿಕೊಂಡು ಓಡಾಡುತ್ತಾರೆ. ಕಾಟರ್ ಕೂಡ ಮೊದಲ ತಂಡದ ಸ್ವೆಟ್‌ಹಾಗ್. ಉಪಪ್ರಾಂಶುಪಾಲ ವುಡ್‌ಮನ್‌ಗೆ ಅದು ಚೆನ್ನಾಗಿ ನೆನಪಿದೆ. ಮೇಷ್ಟ್ರಾಗಿ ಬಂದವನನ್ನೂ ಅವರು ಹಳೇ ತುಂಟ ಹುಡುಗನ ಹಾಗೇ ನೋಡುತ್ತಾರೆ.

ಕಾಟರ್ ಪಾತ್ರ ಮಾಡಿದ ಗೇಬ್ ಕ್ಯಾಪ್ಲನ್ ನಿಜ ಜೀವನದಲ್ಲೂ ಬ್ರೂಕ್ಲಿನ್ ಹುಡುಗ. ಬೆನ್ಸನ್‌ಹರ್ಸ್ಟ್‌ನ ನ್ಯೂ ಯೂಟ್ರೆಕ್ಟ್ ಹೈಸ್ಕೂಲಿನಲ್ಲಿ ಓದಿದರು. ಅಲ್ಲಿ ಇಂಥದ್ದೇ ತರಗತಿಯಲ್ಲಿ ಕೂತಿದ್ದರು. ಆ ದಿನಗಳನ್ನು ವೇದಿಕೆ ಮೇಲೆ ತಮಾಷೆಯಾಗಿ ಹೇಳುತ್ತಾ ಹೇಳುತ್ತಾ ಈ ಧಾರಾವಾಹಿ ಹುಟ್ಟಿತು. ಇದು ಗೊತ್ತಾದ ಮೇಲೆ ನಾನು ನೋಡುವ ರೀತಿಯೇ ಬದಲಾಯಿತು. ಯಾಕೆಂದರೆ ನಾನೂ ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದವಳು. ಇಲ್ಲಿ ಯಾರಿಗೂ ಅದನ್ನು ಹೇಳಿರಲಿಲ್ಲ.

ಡಿಸೆಂಬರ್ ಮೊದಲ ವಾರ ನನ್ನ ಮಕ್ಕಳಿಗೆ ಹೇಳಿದೆ. ಗಣಿತದ ಟೀಚರ್ ಗಣಿತದಲ್ಲಿ ಫೇಲ್ ಅಂದಾಗ ಕೋಣೆ ಪೂರ್ತಿ ಸುಮ್ಮನಾಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಎಷ್ಟು ಬಂದಿತ್ತು ಅಂತ ಕೇಳಿದಳು. ನೂರಕ್ಕೆ 28 ಅಂದೆ. ಆಮೇಲೆ ಏನು ಮಾಡಿದ್ರಿ ಅಂತ ಇನ್ನೊಬ್ಬ ಕೇಳಿದ. ಆ ವರ್ಷ ಅವರು ನನಗೆ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

ಅದಕ್ಕೆ ಉತ್ತರ ನಮ್ಮೂರಿನ ಮೇಷ್ಟ್ರು. ಅವರೀಗ ಇಲ್ಲ. ಮರುಪರೀಕ್ಷೆಗೆ ಅಂತ ಅಪ್ಪ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದಾಗ ಅವರು ಹತ್ತನೇ ಕ್ಲಾಸಿನ ಪುಸ್ತಕ ಮುಟ್ಟಲೇ ಇಲ್ಲ. ಭಿನ್ನರಾಶಿಯಿಂದ ಶುರು ಮಾಡಿದರು. ಅರ್ಧ, ಕಾಲು, ಮುಕ್ಕಾಲು. ಎರಡು ವಾರ ಅದೇ. ನನಗೆ ಗೊತ್ತಿಲ್ಲದ್ದು ಎಲ್ಲಿಂದ ಶುರುವಾಗುತ್ತೆ ಅಂತ ಅವರು ಹುಡುಕುತ್ತಿದ್ದರು. ಅದು ಐದನೇ ಕ್ಲಾಸಿನಲ್ಲಿತ್ತು. ಮೇಷ್ಟ್ರೇ, ಡಿಸೆಂಬರ್‌ನಲ್ಲಿ ನಾನೂ ಸಮೀಕರಣಗಳನ್ನು ಪಕ್ಕಕ್ಕಿಟ್ಟು ಭಿನ್ನರಾಶಿಗೆ ಹೋದೆ. ಇದರಿಂದ ಪಾಠ ಹಿಂದೆ ಬೀಳುತ್ತೆ, ಈ ಮಕ್ಕಳ ಮೇಲೆ ಇಷ್ಟು ಹೊತ್ತು ಹಾಕಿ ಏನು ಪ್ರಯೋಜನ ಅಂತ ಮೇಲಿನವರೊಬ್ಬರು ಹೇಳಿದರು. ನೋವಾಯಿತು. ಆದರೂ ಎರಡು ವಾರ ಅದನ್ನೇ ಮಾಡಿದೆ. 14 ಜನರಲ್ಲಿ ಕನಿಷ್ಠ ಹತ್ತು ಜನ ಪಾಸಾಗಿದ್ದು ಆ ಎರಡು ವಾರದಿಂದ ಅಂತ ನಾನು ನಂಬಿದ್ದೇನೆ.

ಧಾರಾವಾಹಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅದರಲ್ಲಿ ನಾಲ್ಕು ಹುಡುಗರು ಮುಖ್ಯ. ಬಾರ್ಬರಿನೋ, ಎಪ್‌ಸ್ಟೀನ್, ವಾಷಿಂಗ್ಟನ್, ಹಾರ್ಶಾಕ್. ಬಾರ್ಬರಿನೋ ಆಗಿದ್ದವರು ಜಾನ್ ಟ್ರವೋಲ್ಟಾ. ಅವರು ಮನೆಮಾತಾಗಿದ್ದು ಇಲ್ಲಿಂದಲೇ. ವಾಷಿಂಗ್ಟನ್ ಕರಿಯ ಹುಡುಗ. ಎಪ್‌ಸ್ಟೀನ್ ಪೋರ್ಟೊ ರಿಕೊ ಮೂಲದ ಯಹೂದಿ. ಹೀಗೆ ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರ ಕಾಲು ಒಬ್ಬರು ಎಳೆಯುತ್ತಾ ಇರುವುದು 1975ರ ಟಿವಿಗೆ ಸಣ್ಣ ವಿಷಯ ಆಗಿರಲಿಲ್ಲ. ಬಾಸ್ಟನ್‌ನಲ್ಲಿ ಆಗ ಕರಿಯ ಮತ್ತು ಬಿಳಿಯ ಮಕ್ಕಳು ಒಂದೇ ಶಾಲೆಯಲ್ಲಿ ಕೂಡಿ ಓದಲಿ ಅಂತ ಅವರನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗಳಿಗೆ ಕಳಿಸುವ ಬಗ್ಗೆ ದೊಡ್ಡ ಗಲಾಟೆ ನಡೆಯುತ್ತಿತ್ತು. ಅಲ್ಲಿನ ಎಬಿಸಿ ಕೇಂದ್ರ ಮೊದಮೊದಲು ಈ ಧಾರಾವಾಹಿಯನ್ನು ತೋರಿಸಲೇ ಇಲ್ಲ. ನನ್ನ ತರಗತಿಯ ಮಕ್ಕಳ ಮನೆಗಳಲ್ಲಿ ಏಳು ಭಾಷೆ ಇದೆ. ಅವರಿಗೆ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

ರಾನ್ ಪಲಿಲೋ ಮಾಡಿದ ಹಾರ್ಶಾಕ್ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟ. ಕೈ ಎತ್ತುವಾಗ ಅವನು ‘ಊ! ಊ! ಊ!’ ಅಂತ ಕೂಗುತ್ತಾನೆ. ಮೈಯೆಲ್ಲಾ ಆ ಕೈಯ ಹಿಂದೆ ಎದ್ದು ಬರುತ್ತೆ. ನನ್ನ ತರಗತಿಯಲ್ಲಿ ಫೆಬ್ರವರಿವರೆಗೆ ಒಂದು ಕೈಯೂ ಮೇಲೆ ಬಂದಿರಲಿಲ್ಲ. ತಪ್ಪು ಹೇಳಿ ನಗೆಪಾಟಲಾಗುವ ಭಯ ಅದು, ನನಗೆ ಆ ಭಯ ಚೆನ್ನಾಗಿ ಗೊತ್ತು. ಮಾರ್ಚ್‌ನಲ್ಲಿ ಒಂದು ದಿನ ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. ಉತ್ತರ ತಪ್ಪಿತ್ತು. ಆದರೆ ಎಲ್ಲಿ ತಪ್ಪಿತು ಅಂತ ಅವನೇ ಬೋರ್ಡಿಗೆ ಬಂದು ಹುಡುಕಿದ. ಆ ವಾರ ಇನ್ನೂ ಮೂರು ಕೈ ಮೇಲೆ ಬಂದವು. ಮೊದಲ ಕೈ ಎತ್ತಿದ ಆ ಹುಡುಗನಿಗೆ ನನ್ನ ನಮಸ್ಕಾರ.

ಎಪ್‌ಸ್ಟೀನ್ ಚೀಟಿಗಳ ವಿಷಯದಲ್ಲಿ ನನ್ನದೊಂದು ತಪ್ಪಾಯಿತು. ಹೋಂವರ್ಕ್ ಮಾಡದಿದ್ದಾಗ, ಪರೀಕ್ಷೆ ತಪ್ಪಿಸಬೇಕಾದಾಗ ಅವನು ಮನೆಯಿಂದ ಚೀಟಿ ತರುತ್ತಾನೆ. ಕೊನೆಗೆ ಸಹಿ ಯಾವಾಗಲೂ ‘ಎಪ್‌ಸ್ಟೀನನ ಅಮ್ಮ’. ಬರೆದದ್ದು ಅವನೇ. ನೋಡಿ ತುಂಬಾ ನಕ್ಕಿದ್ದೆ. ಜನವರಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ದಿನಾ ಇಪ್ಪತ್ತು ನಿಮಿಷ ಲೇಟಾಗಿ ಬರುತ್ತಿದ್ದಳು. ಕೈಯಲ್ಲಿ ಚೀಟಿ. ಅಕ್ಷರ ಅವಳದೇ. ಇದೂ ಅಂಥದ್ದೇ ಅಂದುಕೊಂಡು ಎಲ್ಲರ ಮುಂದೆ ಗದರಿಸಿದೆ. ಅವಳು ಏನೂ ಹೇಳಲಿಲ್ಲ. ಆಮೇಲೆ ಗೊತ್ತಾಯಿತು, ಅವಳ ಅಮ್ಮನಿಗೆ ಇಂಗ್ಲಿಷ್ ಬರೆಯಲು ಬರಲ್ಲ. ಅಮ್ಮ ಹೇಳಿದ್ದನ್ನು ಮಗಳು ಬರೆದಿದ್ದಳು. ಅಮ್ಮನದು ರಾತ್ರಿ ಪಾಳಿ. ಪುಟ್ಟ ತಮ್ಮನನ್ನು ಅವನ ಶಾಲೆಗೆ ಬಿಟ್ಟು ಇವಳು ಎರಡು ಟ್ರೇನ್ ಬದಲಿಸಿ ಬರಬೇಕು. ಚೀಟಿಯಲ್ಲಿದ್ದ ಪ್ರತಿ ಮಾತೂ ನಿಜ. ಎಲ್ಲರ ಮುಂದೆ ಗದರಿಸಿದ್ದೆ, ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಅವಳು ತಲೆ ಆಡಿಸಿದಳು, ಪುಸ್ತಕ ತೆಗೆದಳು. ಜೂನ್‌ನಲ್ಲಿ 81 ತಗೊಂಡಳು. ಮಗೂ, ನನ್ನನ್ನು ಕ್ಷಮಿಸಿ ಮಾರನೇ ದಿನವೂ ಬಂದಿದ್ದಕ್ಕೆ ಥ್ಯಾಂಕ್ಸ್.

ನಮ್ಮನೆಯವರಿಗೆ ಏನು ಹೇಳಲಿ? ಧಾರಾವಾಹಿಯಲ್ಲಿ ಕಾಟರ್ ತನ್ನ ಹೆಂಡತಿ ಜೂಲಿಗೆ ಯಾವುದೋ ಚಿಕ್ಕಪ್ಪನದೋ ದೊಡ್ಡಪ್ಪನದೋ ಒಂದು ಜೋಕ್ ಹೇಳುತ್ತಾನೆ. ಕಂತು ಶುರುವಾಗುವುದೂ ಹಾಗೇ, ಮುಗಿಯುವುದೂ ಹಾಗೇ. ಜೋಕ್ ಎಷ್ಟೇ ಸಪ್ಪೆ ಇರಲಿ, ಅವಳು ಕೇಳುತ್ತಾಳೆ. ನನಗೆ ಆ ಧಾರಾವಾಹಿಯಲ್ಲಿ ತುಂಬಾ ತಟ್ಟಿದ್ದು ಇದೇ. ದಿನ ಹೇಗೇ ಇರಲಿ, ಮನೆಯಲ್ಲಿ ಕೇಳುವವರೊಬ್ಬರು ಬೇಕಲ್ವಾ? ನಾವೂ ಹಾಗೆ ಶುರು ಮಾಡಿದೆವು. ಊಟ ಆದ ಮೇಲೆ ಒಂದು ಕಂತು, ಆಮೇಲೆ ನನ್ನ ತರಗತಿಯ ಒಂದು ಸಂಗತಿ. ಬೇಜಾರಿನದು ಹೇಳಿದರೆ ಒಳ್ಳೆಯದೊಂದನ್ನೂ ಹೇಳಬೇಕು. ಅದು ಅವರು ಹಾಕಿದ ನಿಯಮ. ಕೆಲವು ದಿನ ಒಳ್ಳೆಯದನ್ನು ಹುಡುಕಲು ಅರ್ಧ ಗಂಟೆ ಹಿಡಿಯುತ್ತಿತ್ತು. ಅವರು ಕಾಯುತ್ತಿದ್ದರು.

ನಾಲ್ಕನೇ ಸೀಸನ್ ನನಗೆ ಹಿಡಿಸಲಿಲ್ಲ. ಕ್ಯಾಪ್ಲನ್ ಅದರಲ್ಲಿ ಬಹಳ ಕಡಿಮೆ ಬರುತ್ತಾರೆ, ಟ್ರವೋಲ್ಟಾ ಕೂಡ. ಮೇಷ್ಟ್ರು ಬಾರದ ತರಗತಿ ನೋಡಿದ ಹಾಗೆ ಆಗುತ್ತೆ. ಆದರೂ 95 ಕಂತೂ ಮುಗಿಸಿದೆವು. ಪಲಿಲೋ ಮತ್ತು ಎಪ್‌ಸ್ಟೀನ್ ಪಾತ್ರದ ರಾಬರ್ಟ್ ಹೆಗ್ಯೆಸ್ ಇಬ್ಬರೂ 2012ರಲ್ಲಿ ತೀರಿಕೊಂಡರು. ಜೂಲಿ ಆಗಿದ್ದ ಮಾರ್ಸಿಯಾ ಸ್ಟ್ರಾಸ್‌ಮನ್ 2014ರಲ್ಲಿ. ಅವರಿಗೆಲ್ಲಾ ಥ್ಯಾಂಕ್ಸ್ ಹೇಳುವುದು ಬಹಳ ತಡವಾಯಿತು.

ಶೀರ್ಷಿಕೆ ಗೀತೆಯ ಬಗ್ಗೆಯೂ ಒಂದು ಮಾತು. ಧಾರಾವಾಹಿಗೆ ಮೊದಲು ಬರೀ ‘ಕಾಟರ್’ ಅಂತ ಹೆಸರಿಡುವ ಯೋಚನೆ ಇತ್ತಂತೆ. ಜಾನ್ ಸೆಬಾಸ್ಟಿಯನ್ ಬರೆದ ಹಾಡು ಬಂದ ಮೇಲೆ ‘ವೆಲ್‌ಕಮ್ ಬ್ಯಾಕ್’ ಸೇರಿತು. 1976ರ ಮೇ ತಿಂಗಳಲ್ಲಿ ಆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಹಾಡಿನ ಜೊತೆ ಬ್ರೂಕ್ಲಿನ್‌ನ ಬೀದಿಗಳು ಕಾಣುತ್ತವೆ, ನ್ಯೂ ಯೂಟ್ರೆಕ್ಟ್ ಶಾಲೆಯ ಕಟ್ಟಡವೂ ಕಾಣುತ್ತೆ. ಶೂಟಿಂಗ್ ನಡೆದಿದ್ದು ಮಾತ್ರ ಲಾಸ್ ಏಂಜಲಿಸ್‌ನ ಸ್ಟುಡಿಯೋದಲ್ಲಿ.

ಶಾಲೆ ಮುಚ್ಚಿದ ಮಾರನೇ ದಿನ ನಾವಿಬ್ಬರೂ ಡಿ ಟ್ರೇನ್ ಹತ್ತಿ 79ನೇ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ಟ್ರೇನ್ ಓಡುವುದು ರಸ್ತೆಯ ಮೇಲಿನ ಕಬ್ಬಿಣದ ಕಂಬಗಳ ಮೇಲೆ. ಕೆಳಗೆ ಇಳಿದರೆ ನ್ಯೂ ಯೂಟ್ರೆಕ್ಟ್ ಶಾಲೆ ಹತ್ತಿರವೇ. ದೊಡ್ಡ ಕಟ್ಟಡ, ಬಾಗಿಲು ಮುಚ್ಚಿತ್ತು. ನಾನು ಸುಮ್ನೆ ಎದುರಿನ ಫುಟ್‌ಪಾತ್ ಮೇಲೆ ನಿಂತು ಕಿಟಕಿಗಳನ್ನು ನೋಡಿದೆ. ಇವುಗಳಲ್ಲಿ ಯಾವುದರ ಹಿಂದೆ ಆ ಹುಡುಗ ಕ್ಯಾಪ್ಲನ್ ಕೂತಿರಬಹುದು ಅಂತ.

ಮುಂದಿನ ಸೆಪ್ಟೆಂಬರ್‌ಗೆ ಯಾವ ತರಗತಿ ಬೇಕು ಅಂತ ಶಾಲೆಯಲ್ಲಿ ಕೇಳಿದ್ದರು. ಅದೇ ಕೋಣೆ, ಅದೇ ತರಗತಿ ಅಂತ ಬರೆದುಕೊಟ್ಟೆ.

ಪಾಸಾಗದ ಎಂಟು ಜನರಿಗೂ ಇಲ್ಲಿ ಥ್ಯಾಂಕ್ಸ್ ಹೇಳಬೇಕು. ಫಲಿತಾಂಶ ಬಂದ ಸಂಜೆಯೇ ಅವರಲ್ಲಿ ಆರು ಮಂದಿ ನನಗೆ ಬರೆದರು, ಆಗಸ್ಟ್‌ನಲ್ಲಿ ಮತ್ತೆ ಕೂರುತ್ತೇವೆ ಅಂತ. ಉಳಿದ ಇಬ್ಬರಿಗೆ ನಾನೇ ಫೋನ್ ಮಾಡಿದೆ. ಒಬ್ಬ ಬರ್ತೀನಿ ಅಂದ. ಇನ್ನೊಬ್ಬ ಇನ್ನೂ ಫೋನ್ ಎತ್ತಿಲ್ಲ. ನಾಳೆ ಮತ್ತೆ ಮಾಡ್ತೀನಿ.