ಹಳೇ ಪುಸ್ತಕ ಹುಡುಕುವವರಿಗೆ

ಎಲ್ಲರಿಗೂ ನಮಸ್ಕಾರ. "ಈ ಪುಸ್ತಕ ಯಾರ ಹತ್ರಾದ್ರೂ ಇದೆಯಾ?" ಅಂತ ಸುಮ್ನೆ ಹೆಸರು ಹಾಕಿ ಬಿಡಬೇಡಿ. ಪ್ರಕಾಶಕರು, ಊರು, ವರ್ಷ, ಎಷ್ಟನೇ ಮುದ್ರಣ, ಗೊತ್ತಿದ್ದಷ್ಟು ಬರೆಯಿರಿ. ವರ್ಷ ಅಚ್ಚಾಗಿಲ್ಲದಿದ್ದರೆ ಬೆಲೆ ನೋಡಿ. ಆಣೆಯ ಬದಲು ನಯಾಪೈಸೆ ಬಂದದ್ದು 1957ರಲ್ಲಿ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು.

ನಾವೆಲ್ಲ ಮೊದಲು ಬೆಂಗಳೂರಿಗೇ ಫೋನ್ ಹಚ್ಚುತ್ತೇವೆ. ಆದರೆ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, ಅಲ್ವಾ? ಕಾರವಾರ, ಕುಮಟಾದವರ ಹಳೇ ಪುಸ್ತಕ ಬೇಕಿದ್ದರೆ ಧಾರವಾಡ, ಮುಂಬಯಿಯ ಲೈಬ್ರರಿಗಳಲ್ಲಿ ಮೊದಲು ವಿಚಾರಿಸಿ. ಹಳೇ ಪುಸ್ತಕಗಳ ಸ್ಕ್ಯಾನ್ ಸಿಗುವ ಇಂಟರ್ನೆಟ್ ಆರ್ಕೈವ್ ವೆಬ್‌ಸೈಟ್‌ನಲ್ಲಿ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕಾರು ಥರ ಸ್ಪೆಲ್ಲಿಂಗ್ ಹೊಡೆದು ನೋಡಿ. ಅಲ್ಲಿ ನಮ್ಮ ಪುಸ್ತಕಗಳ ಹೆಸರು ಎಷ್ಟೋ ಸಲ ಗುರುತೇ ಸಿಗದಂತಿರುತ್ತದೆ.

ದುಡ್ಡು ಕಳಿಸುವ ಮೊದಲು ಪುಟ ಎಣಿಸಲು ಹೇಳಿ. ಹೋದ ಮಳೆಗಾಲದಲ್ಲಿ ನಾನು ತರಿಸಿದ ಒಂದು ಪುಸ್ತಕದಲ್ಲಿ 32 ಆದ ಮೇಲೆ ನೇರ 49! ಇಡೀ ಒಂದು ಫಾರಂ (ಒಂದೇ ದೊಡ್ಡ ಹಾಳೆ ಮಡಚಿ ಹೊಲಿದ ಕಟ್ಟು), 16 ಪುಟ, ಹೊಲಿಗೆಯಿಂದ ಕಿತ್ತುಹೋಗಿತ್ತು. ಫೋಟೋದಲ್ಲಿ ರಟ್ಟು ಮಾತ್ರ ಚೆಂದ ಕಂಡಿತ್ತು. ಆ 16 ಪುಟ ಇನ್ನೂ ಹುಡುಕುತ್ತಿದ್ದೇನೆ.

ಈ ಭಾನುವಾರ ಶಿರಸಿ ಹತ್ತಿರದ ಒಂದು ಮನೆಯ ಮೆತ್ತಿ ಮೇಲಿನ ಎರಡು ಟ್ರಂಕ್ ತೆಗೆಯುತ್ತೇವೆ. ಬರುವವರು ಮಾಸ್ಕ್, ಒಣ ಬಟ್ಟೆ ತನ್ನಿ. ಒದ್ದೆ ಬಟ್ಟೆ ಬೇಡ, ಬೂಸಲು ಜಾಸ್ತಿಯಾಗುತ್ತದೆ. ಅಂಟಿಕೊಂಡ ಹಾಳೆಯನ್ನು ಯಾರೂ ಎಳೆಯಬೇಡಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೇಳಿ, ಊಟಕ್ಕೆ ಲೆಕ್ಕ ಬೇಕು.