‘ವರ್ಗವೇ ಏಕೆ?’ ಎಂದ ಹುಡುಗಿಗೆ ಉತ್ತರ ಬೇಕು

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಉಪನ್ಯಾಸಕಿ. ಗಂಗಾವತಿಯಲ್ಲಿ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕಾರಟಗಿ ಕಡೆಯಿಂದ ಬರುವ ಹುಡುಗಿಯೊಬ್ಬಳು ಗುರುತ್ವ ನಿಯಮದ (ಎರಡು ವಸ್ತುಗಳ ನಡುವಿನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ ಎಂಬ ನಿಯಮ) ಪಾಠದಲ್ಲಿ ‘ದೂರದ ವರ್ಗವೇ ಏಕೆ, ಘನ ಏಕಲ್ಲ?’ ಎಂದು ತನ್ನ ಕಾಲೇಜಿನಲ್ಲಿ ಕೇಳಿದ್ದಳಂತೆ. ‘ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ’ ಎಂದರಂತೆ. ಕೇಳಿ ನನಗೆ ಸಂಕಟವಾಯಿತು. ವರ್ಗ ನಿಯಮಕ್ಕೂ ಜಗತ್ತಿನ ಮೂರು ಆಯಾಮಗಳಿಗೂ ನಂಟಿದೆಯೇ ಎಂದು ತತ್ತ್ವಜ್ಞಾನಿ ಕಾಂಟ್ 1740ರ ದಶಕದಲ್ಲೇ ಯೋಚಿಸಿದ್ದ!

ಸೂರ್ಯನ ಸೆಳೆತ ಎಲ್ಲ ದಿಕ್ಕಿಗೂ ಹರಡುತ್ತದೆ. ಉದ್ದ, ಅಗಲ, ಎತ್ತರವಿರುವ ನಮ್ಮ ಜಗತ್ತಿನಲ್ಲಿ ದೂರ ಎರಡರಷ್ಟಾದರೆ ಆ ಸೆಳೆತ ಹಂಚಿಹೋಗುವ ಗೋಳದ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಬಲ ಕಾಲು ಭಾಗಕ್ಕಿಳಿಯುತ್ತದೆ. ಇನ್ನೊಂದು ಆಯಾಮ ಸೇರಿದರೆ ಬಲ ಎಂಟನೇ ಒಂದು ಭಾಗ. ಆ ಹುಡುಗಿ ಕೇಳಿದ ಘನ, ನಾಲ್ಕು ಆಯಾಮಗಳ ಜಗತ್ತಿನ ನಿಯಮವೇ! ಅಲ್ಲಿ ಗ್ರಹಗಳಿಗೆ ಸ್ಥಿರ ಕಕ್ಷೆ ಇರದೆಂದು ಭೌತವಿಜ್ಞಾನಿ ಪಾಲ್ ಎಹ್ರೆನ್‌ಫೆಸ್ಟ್ 1917ರಲ್ಲಿ ತೋರಿಸಿದ. ಒಂದು ಸಣ್ಣ ಅಲುಗಾಟ ಸಾಕು, ಭೂಮಿ ಸೂರ್ಯನೊಳಕ್ಕೆ ಬೀಳುತ್ತದೆ ಅಥವಾ ಮರಳಿ ಬಾರದಂತೆ ದೂರ ಹೋಗುತ್ತದೆ. ಪರಮಾಣುಗಳೂ ಸ್ಥಿರವಾಗಿ ಉಳಿಯುವುದಿಲ್ಲ.

ಎರಡೇ ಆಯಾಮಗಳಿದ್ದರೆ ತೊಂದರೆ ಬೇರೆ ಬಗೆಯದು. ಅಲ್ಲಿ ಅಲೆ ಮುಂದೆ ಸಾಗಿದ ಮೇಲೂ ಅದರ ಬಾಲ ಹಿಂದೆಯೇ ಉಳಿಯುತ್ತದೆ. ಅಂಜನಾದ್ರಿಯ ಗಂಟೆಯನ್ನು ಒಮ್ಮೆ ಹೊಡೆದರೆ ಆ ಸದ್ದು ಪೂರ್ತಿ ಅಡಗದೆ ಮುಂದಿನ ಸದ್ದಿನೊಂದಿಗೆ ಕಲಸಿಹೋಗುತ್ತದೆ, ಮಾತು ಕೂಡ.

ಇದು ಬರಿಯ ಊಹೆಯೆಂದು ಯಾರೂ ತಳ್ಳಿಹಾಕಬಾರದು. ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಸುರುಳಿ ಸುತ್ತಿಕೊಂಡ ಹೆಚ್ಚುವರಿ ಆಯಾಮಗಳು ಇದ್ದರೆ, ತೀರ ಹತ್ತಿರದ ಅಂತರದಲ್ಲಿ ಗುರುತ್ವ ವರ್ಗ ನಿಯಮವನ್ನು ಮೀರಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಣ್ಣ ತಂತಿಗೆ ತೂಗುಹಾಕಿದ ಲೋಲಕದಿಂದ ಇದನ್ನೇ ಪರೀಕ್ಷಿಸಿದರು. 52 ಮೈಕ್ರೊಮೀಟರ್, ಅಂದರೆ ತಲೆಗೂದಲಿನ ದಪ್ಪದಷ್ಟು ಅಂತರದವರೆಗೂ ನಿಯಮ ಕದಲಲಿಲ್ಲ ಎಂಬ ಫಲಿತಾಂಶ 2020ರಲ್ಲಿ ಪ್ರಕಟವಾಯಿತು.

ನಮ್ಮ ಭಾಗದ ಮಕ್ಕಳಿಗೆ ಇಂಥ ವಿಷಯ ಕನ್ನಡದಲ್ಲಿ ಎಲ್ಲಿ ಸಿಗುತ್ತದೆ? ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಬರಲಿ, ಬೇಡವೆನ್ನುವುದಿಲ್ಲ. ಆದರೆ ವಾರಕ್ಕೊಮ್ಮೆ ಕಾಲು ಪುಟವನ್ನಾದರೂ ಪರೀಕ್ಷೆಗೆ ಬಾರದ ಪ್ರಶ್ನೆಗಳಿಗೆ ಮೀಸಲಿಡಿ. ಪ್ರಶ್ನೆಗಳನ್ನು ಮಕ್ಕಳೇ ಕಳುಹಿಸಲಿ. ಉತ್ತರ ಬರೆಯಲು ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಬಲ್ಲವರಿದ್ದಾರೆ. ಕರೆದರೆ ನಾನೂ ಬರೆಯುತ್ತೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಗಂಗಾವತಿ, ಕೊಪ್ಪಳ ಜಿಲ್ಲೆ